ತುಟಿ ಅಲ್ಲಾಡಿಸದೆ ಏಳು ಎಣಿಸುವುದು

ವಿಡಿಯೋ ನೋಡಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಏನೇ ಇದು, ಡ್ರಮ್ಸ್ ಬಾರಿಸ್ತಾ ವಿಷ್ಣು ಸಹಸ್ರನಾಮ ಹೇಳ್ತಿದೀಯಾ?"

ಫೋನ್ ಕಿತ್ತುಕೊಂಡು ಮತ್ತೆ ನೋಡಿದೆ. ಹೌದು. ಕೈಕಾಲು ಸರಿಯಾಗೇ ಓಡುತ್ತಿವೆ. ತುಟಿ ಮಾತ್ರ ಲಯ ಎಣಿಸುತ್ತಾ ಮೊದಲಿನಿಂದ ಕೊನೆಯವರೆಗೂ ಪಿಟಿಪಿಟಿ ಅನ್ನುತ್ತಿದೆ.

ಅದು ಡ್ರೀಮ್ ಥಿಯೇಟರ್ ಬ್ಯಾಂಡಿನ 'ದಿ ಡಾನ್ಸ್ ಆಫ್ ಎಟರ್ನಿಟಿ'. 1999ರದ್ದು, ಡ್ರಮ್ಸ್ ಮೈಕ್ ಪೋರ್ಟ್‌ನಾಯ್. ಆರು ನಿಮಿಷ ಚಿಲ್ಲರೆಯಲ್ಲಿ ಟೈಮ್ ಸಿಗ್ನೇಚರ್, ಅಂದರೆ ಒಂದು ಸುತ್ತಿಗೆ ಎಷ್ಟು ಎಣಿಕೆ ಅನ್ನೋ ಲೆಕ್ಕ, ನೂರಕ್ಕೂ ಜಾಸ್ತಿ ಸಲ ಬದಲಾಗುತ್ತದೆ. ನಾನು ಎರಡು ತಿಂಗಳು ಕೂತು, ವೇಗ ಸ್ವಲ್ಪ ಇಳಿಸಿಕೊಂಡು, ಅಂತೂ ಕೊನೆ ಮುಟ್ಟಿಸಿದ್ದೆ. ಇದೊಂದು ಇದ್ದರೆ ಪರೀಕ್ಷೆಯಲ್ಲಿ ಯಾರೂ ಏನೂ ಕೇಳಲ್ಲ ಅಂದುಕೊಂಡಿದ್ದೆ. ಸಹಸ್ರನಾಮದ ಮಾತು ಕೇಳಿದ ಮೇಲೆ ಅದನ್ನು ನುಡಿಸಲು ಮನಸ್ಸೇ ಬರಲಿಲ್ಲ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ನಾನು ಬೆಂಗಳೂರಿನಲ್ಲೇ ಒಂದು ಮ್ಯೂಸಿಕ್ ಸ್ಕೂಲಿನಲ್ಲಿ ಡ್ರಮ್ಸ್ ಓದುತ್ತಿದ್ದೆ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಕಾರ್ಯಕ್ರಮ ಕೊಡಬೇಕು. 25ರಿಂದ 30 ನಿಮಿಷ. ಹಾಡು ನಾವೇ ಆರಿಸಬೇಕು, ಬ್ಯಾಂಡ್ ನಾವೇ ಕಟ್ಟಬೇಕು, ಯಾಕೆ ಇವೇ ಹಾಡು ಅಂತ ಒಂದು ಪುಟ ಬರೆದು ಕೊಡಬೇಕು. 30 ನಿಮಿಷ ದಾಟಿದರೆ ಅಂಕ ಕಟ್. ನಾನು ಆರಿಸಿಕೊಂಡಿದ್ದು ಪ್ರೋಗ್ರೆಸಿವ್ ರಾಕ್, ಉದ್ದುದ್ದ ಹಾಡು, ತಿರುಚಿದ ಲಯಗಳ ರಾಕ್ ಸಂಗೀತ. ಅಲ್ಲಿ ಡ್ರಮ್ಮರ್‌ಗೆ ಕೆಲಸ ಜಾಸ್ತಿ ಅನ್ನೋದು ಒಂದು ಕಾರಣ. ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ಪಟ್ಟಿಯಲ್ಲಿ ಹನ್ನೊಂದು ಹಾಡು ಇದ್ದವು. ಯೆಸ್ ಬ್ಯಾಂಡಿನ 'ಕ್ಲೋಸ್ ಟು ದಿ ಎಡ್ಜ್', ಹದಿನೆಂಟೂವರೆ ನಿಮಿಷ. ಜೆನೆಸಿಸ್‌ನ 'ಸಪ್ಪರ್ಸ್ ರೆಡಿ', 23 ನಿಮಿಷದ ಹತ್ತಿರ. ಎಮರ್ಸನ್, ಲೇಕ್ ಅಂಡ್ ಪಾಮರ್ ಅವರ 'ಟಾರ್ಕಸ್', ಅದೂ 20 ದಾಟುತ್ತದೆ. ಆಗಿನ ಎಲ್‌ಪಿ ರೆಕಾರ್ಡಿನ ಒಂದು ಮಗ್ಗುಲು ತುಂಬುವಷ್ಟು ಉದ್ದ ಒಂದೊಂದೂ. ಈ ಮೂರಕ್ಕೇ ಗಂಟೆ ಮೀರುತ್ತದೆ. ಸರ್ ಪಟ್ಟಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, "ಇದು ಪ್ರೋಗ್ರಾಂ ಅಲ್ಲಮ್ಮ, ಅಖಂಡ ಭಜನೆ" ಅಂದರು.

ಉದ್ದದವು ಹೋದವು. ಟೂಲ್ ಬ್ಯಾಂಡಿನ 'ಸ್ಕಿಸಂ' ಕೂಡ ಹೋಯಿತು. ಐದು ಮತ್ತು ಏಳರ ಜೋಡಿಯಲ್ಲಿ ಓಡುವ ಹಾಡು, ನನಗೆ ತುಂಬ ಇಷ್ಟ. ಆದರೆ ಅವರ ಡ್ರಮ್ಮರ್ ಡ್ಯಾನಿ ಕ್ಯಾರಿ ತರ ಕಾಲು ಓಡಬೇಕಲ್ಲ. ನನ್ನ ಎಡಗಾಲು ಇನ್ನೂ ವಿದ್ಯಾರ್ಥಿ.

ಬ್ಯಾಂಡ್ ವಿಷಯಕ್ಕೆ ಬರೋಣ. ಹಾಡು ಆರಿಸುವುದು ಅಂದರೆ ನಾನೊಬ್ಬಳೇ ಕೂತು ಹೆಡ್‌ಫೋನ್ ಹಾಕಿಕೊಂಡು ಮಾಡುವ ಕೆಲಸ ಅಂತ ತಿಳಿದಿದ್ದೆ. ಅರ್ಧ ಪಟ್ಟಿಯನ್ನು ಬೇರೆಯವರೇ ಹೊಡೆದು ಹಾಕಿದರು. ಗಿಟಾರ್‌ನವನು ನನ್ನ ಕ್ಲಾಸಿನವನೇ, ಹಾಡುತ್ತಾನೆ ಕೂಡ. ಬೇಸ್‌ನವನು ಪುತ್ತೂರಿನವನು, ಮಾತು ಕಮ್ಮಿ, ಟೈಮಿಂಗ್ ಗಡಿಯಾರ. ಕೀಬೋರ್ಡಿಗೆ ಸ್ಕೂಲಿನಲ್ಲಿ ಯಾರೂ ಸಿಗಲಿಲ್ಲ. ಕೊನೆಗೆ ಸಿಕ್ಕವರು ಒಬ್ಬ ಆರ್ಕೆಸ್ಟ್ರಾ ಅಣ್ಣ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಎಲ್ಲ ಕಡೆ ನುಡಿಸುವವರು. ನೊಟೇಷನ್ ಓದಲ್ಲ. ಎರಡು ಸಲ ಕೇಳಿಸಿದರೆ ಸಾಕು, ಮೂರನೇ ಸಲ ನುಡಿಸುತ್ತಾರೆ. ರಿಹರ್ಸಲ್‌ಗೆ ಇಷ್ಟು, ಪ್ರೋಗ್ರಾಮಿಗೆ ಇಷ್ಟು ಅಂತ ಮೊದಲೇ ದುಡ್ಡು ಮಾತಾಡಿದರು. ಆಮೇಲೆ ಒಂದು ದಿನವೂ ತಡವಾಗಿ ಬರಲಿಲ್ಲ.

ಇವರನ್ನು ನಂಬಿಕೊಂಡು ಯೆಸ್‌ನ 'ರೌಂಡಬೌಟ್' ಇಟ್ಟುಕೊಂಡೆ. 1971ರದ್ದು, ಎಂಟೂವರೆ ನಿಮಿಷ. ಅದರ ಡ್ರಮ್ಮರ್ ಬಿಲ್ ಬ್ರೂಫರ್ಡ್ ಅವರ ಸ್ನೇರ್ ಅನ್ನೋ ಚಿಕ್ಕ ಡ್ರಮ್ಮಿನ ಶಬ್ದ ಕೇಳಿಯೇ ನಾನು ಡ್ರಮ್ಸ್‌ಗೆ ಬಿದ್ದಿದ್ದು. ಸ್ಟಿಕ್ ಚರ್ಮಕ್ಕೂ ಅಂಚಿಗೂ ಒಟ್ಟಿಗೆ ತಗಲಿ 'ಟಣ್' ಅಂತ ಮೊಳಗುವ ಏಟು. ನಮ್ಮ ಅಣ್ಣ ಆರ್ಗನ್ ಭಾಗ ಹಿಡಿದೇಬಿಟ್ಟರು. ಕೈಕೊಟ್ಟಿದ್ದು ದನಿ. ಯೆಸ್‌ನ ಹಾಡುಗಾರ ಜಾನ್ ಆಂಡರ್ಸನ್ ಅವರ ಸ್ಥಾಯಿ ನಮ್ಮಲ್ಲಿ ಯಾರಿಗೂ ಎಟುಕಲಿಲ್ಲ. ಗಿಟಾರ್‌ನವನು ಪ್ರಯತ್ನಪಟ್ಟ, ಜ್ಯಾಮ್ ರೂಮಿನ, ಅಂದರೆ ನಾವು ಬಾಡಿಗೆಗೆ ಹಿಡಿದ ರಿಹರ್ಸಲ್ ಕೋಣೆಯ, ಹುಡುಗ ಬಾಗಿಲು ತೆರೆದು ನೋಡಿ ಹೋದ. ಇನ್ನಿಬ್ಬರನ್ನು ಕರೆಸಿದೆವು. ಶ್ರುತಿ ಇಳಿಸಿದೆವು. ಇಳಿಸಿದರೆ ಹಾಡಿನ ಬೆಳಕೇ ಹೋಗುತ್ತದೆ. ಮೂರು ವಾರ, ಗಂಟೆಗೆ 400 ರೂಪಾಯಿ ಬಾಡಿಗೆ, ಕೊನೆಗೆ ಹಾಡು ಬೇಡ ಅಂತ ತೀರ್ಮಾನ. ಆ ಸಂಜೆ ನಾನು ಯಾರ ಜೊತೆಗೂ ಮಾತಾಡಲಿಲ್ಲ.

ಅಲ್ಲಿಂದ ಹೊಸ ನಿಯಮ ಹಾಕಿಕೊಂಡೆ. ಪ್ರತಿ ಹಾಡನ್ನೂ ಫೋನಿನಲ್ಲಿ ಹಿಡಿಯುವುದು. ಮೂರು ವಾರದ ಅಭ್ಯಾಸದ ಮೇಲೂ ತುಟಿ ಅಲ್ಲಾಡುತ್ತಿದ್ದರೆ ಆ ಹಾಡು ಔಟ್.

ಮೊದಲು ಒಳಗೆ ಬಂದದ್ದು ರಶ್ ಬ್ಯಾಂಡಿನ 'ವೈ ವೈ ಝಡ್'. 1981, ನಾಲ್ಕೂವರೆ ನಿಮಿಷಕ್ಕಿಂತ ಸ್ವಲ್ಪ ಕಮ್ಮಿ, ಹಾಡುವ ಗೋಜಿಲ್ಲ. ಇದರ ಶುರುವಿನಲ್ಲಿ ಒಂದು ತಮಾಷೆ ಇದೆ. ರಶ್ ಕೆನಡಾದ ಬ್ಯಾಂಡ್. ವೈ-ವೈ-ಝಡ್ ಅನ್ನೋದು ಟೊರೊಂಟೊದ ಪಿಯರ್ಸನ್ ವಿಮಾನ ನಿಲ್ದಾಣದ ಗುರುತಿನ ಅಕ್ಷರಗಳು. ಆ ಮೂರು ಅಕ್ಷರಗಳ ಮೋರ್ಸ್ ಸಂಕೇತವನ್ನೇ ಎತ್ತಿ ಲಯ ಮಾಡಿಬಿಟ್ಟಿದ್ದಾರೆ. ವೈ ಅಂದರೆ ಗೆರೆ, ಚುಕ್ಕೆ, ಗೆರೆ, ಗೆರೆ. ಝಡ್ ಅಂದರೆ ಗೆರೆ, ಗೆರೆ, ಚುಕ್ಕೆ, ಚುಕ್ಕೆ.

ನಾನು ಇದನ್ನು ಹತ್ತಕ್ಕೆ ಎಣಿಸಿಕೊಂಡು ಒದ್ದಾಡುತ್ತಿದ್ದೆ. ಪ್ರತಿ ಸುತ್ತಿನಲ್ಲೂ ಝಡ್ ಬರುವ ಹೊತ್ತಿಗೆ ಕೈ ಮುಂದೆ ಓಡುತ್ತಿತ್ತು. ಊಟದ ಮೇಜಿನ ಮೇಲೆ ಬೆರಳಲ್ಲಿ ಕುಟ್ಟುತ್ತಿದ್ದಾಗ ಅಮ್ಮ ಪಕ್ಕದಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಅಮ್ಮ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ತಲೆ ಎತ್ತದೆ, "ರಗಣದ ಮೇಲೊಂದು ಗುರು" ಅಂದರು.

"ಏನು?"

ಕರೆಂಟ್ ಬಿಲ್ ತಿರುಗಿಸಿ ಅದರ ಬೆನ್ನ ಮೇಲೆ ಪ್ರಸ್ತಾರ ಹಾಕಿದರು. ಗುರುವಿಗೆ ಗೆರೆ, ಲಘುವಿಗೆ ಬಟ್ಟಲು. ಗುರು, ಲಘು, ಗುರು, ಗುರು. ರಾಜಭಾ, ಆಮೇಲೆ ಒಂದು ಗಂ. ಮಾತ್ರೆ ಏಳು. ಮತ್ತೆ ಅದೇ, ಏಳು. ಮೂರನೆಯದು ಗುರು, ಗುರು, ಲಘು, ಲಘು. ಆರು. ಒಟ್ಟು ಇಪ್ಪತ್ತು. ನಾನು ಹತ್ತಕ್ಕೆ ಎಣಿಸುತ್ತಿದ್ದುದರ ಸರಿಯಾಗಿ ಎರಡರಷ್ಟು. ನಿಜವಾದ ಮೋರ್ಸ್‌ನಲ್ಲಿ ಗೆರೆ ಚುಕ್ಕೆಯ ಮೂರರಷ್ಟು ಉದ್ದ ಇರಬೇಕು. ಈ ಹಾಡಿನಲ್ಲಿ ಅದನ್ನು ಎರಡರಷ್ಟು ಮಾಡಿಕೊಂಡಿದ್ದಾರೆ. ಅಂದರೆ ನಮ್ಮ ಗುರು-ಲಘುವಿನ ಲೆಕ್ಕವೇ! ಎಂಟನೇ ಕ್ಲಾಸಿನಲ್ಲಿ ಇದಕ್ಕೆ ಬೈಸಿಕೊಂಡವಳು ನಾನು.

ಆದರೆ ಗಣ ಹಾಕಿದ ಮಾತ್ರಕ್ಕೆ ಕೈಗೆ ಬರಲ್ಲ. ಎಣಿಕೆ ಬದಲು ಇನ್ನೊಂದು ಎಣಿಕೆ ಆಯಿತು ಅಷ್ಟೆ. ಅಮ್ಮ ಪೆನ್ ಬಾಯಲ್ಲಿ ಇಟ್ಟುಕೊಂಡು ಒಂದು ನಿಮಿಷ ಯೋಚನೆ ಮಾಡಿದರು. ಆಮೇಲೆ ಮೇಜು ಕುಟ್ಟುತ್ತಾ ಹೇಳಿದರು:

"ಕಾಫಿ ಬೇಕಾ, ತಿಂಡಿ ಬೇಕಾ, ಬೇಡಾ ನಡಿ."

ಬೇಕಾದರೆ ಹೇಳಿ ನೋಡಿ. ಒಂದು ಮಾತ್ರೆ ಆಚೀಚೆ ಇಲ್ಲ. ಮಾರನೇ ದಿನ ಜ್ಯಾಮ್ ರೂಮಿನಲ್ಲಿ ಹೇಳಿಕೊಟ್ಟೆ. ಮಾತು ಕಮ್ಮಿಯ ಬೇಸ್‌ನವನು "ಬೇಡಾ ನಡಿ" ಅಂತ ಕಿರುಚಿಕೊಂಡು ನುಡಿಸಿದ್ದನ್ನು ಅವತ್ತೇ ನೋಡಿದ್ದು. ಹತ್ತು ದಿನಕ್ಕೆ ಮಾತು ಬಾಯಿಂದ ಕೈಗೆ ಇಳಿಯಿತು. ತುಟಿ ಬಂದ್.

ಶುರುವಿನ ಗಂಟೆಯಂಥ ನಾದಕ್ಕೆ ರಶ್‌ನ ಡ್ರಮ್ಮರ್ ನೀಲ್ ಪಿಯರ್ಟ್ ಬಳಸಿದ್ದು ಕ್ರೋಟೇಲ್ಸ್, ಸಣ್ಣ ಲೋಹದ ಬಿಲ್ಲೆಗಳು. ನಮ್ಮ ಸ್ಕೂಲಿನಲ್ಲಿ ಅದು ಇರಲಿಲ್ಲ. ರೈಡ್ ಸಿಂಬಲ್ಲಿನ, ಅಂದರೆ ಡ್ರಮ್ಸ್ ಪಕ್ಕದ ದೊಡ್ಡ ಲೋಹದ ತಟ್ಟೆಯ, ನಡುವಿನ ಗುಬಟಿನ ಮೇಲೆ ಹೊಡೆದರೆ ದಪ್ಪ ಶಬ್ದ. ಅಮ್ಮನ ಭಜನೆ ತಾಳದ ಒಂದು ಬಿಲ್ಲೆಯನ್ನು ದಾರದಲ್ಲಿ ಸ್ಟ್ಯಾಂಡಿಗೆ ನೇತುಹಾಕಿ ತೆಳು ಸ್ಟಿಕ್ಕಿನಿಂದ ಮುಟ್ಟಿದೆ. ಅದೇ ಸರಿಹೋಯಿತು. ಮುಗಿದ ಮೇಲೆ ವಾಪಸ್ ಕೊಡಬೇಕು ಅನ್ನೋ ಷರತ್ತಿನ ಮೇಲೆ ಸಿಕ್ಕಿತು.

ಎರಡನೆಯದು ಪೋರ್ಕ್ಯುಪೈನ್ ಟ್ರೀ ಅವರ 'ದಿ ಸೌಂಡ್ ಆಫ್ ಮ್ಯೂಝಾಕ್', 2002. ಡ್ರಮ್ಸ್ ಗ್ಯಾವಿನ್ ಹ್ಯಾರಿಸನ್. ಚರಣ ಏಳರಲ್ಲಿ, ಕೋರಸ್ ನಾಲ್ಕರಲ್ಲಿ. ಇಲ್ಲಿ ನಾನು ಜಾಣತನ ತೋರಿಸಲು ಹೋಗಿ ಕೆಟ್ಟೆ. ಚಿಕ್ಕವಳಿದ್ದಾಗ ಸ್ವಲ್ಪ ಕೊನ್ನಕೋಲ್, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ವಿದ್ಯೆ, ಕಲಿತಿದ್ದೆ. ಏಳು ಅಂದ ತಕ್ಷಣ 'ತಕಧಿಮಿ ತಕಿಟ' ಹಾಕಿದೆ. ಎಣಿಕೆ ಒಂದು ಸಲವೂ ತಪ್ಪಲಿಲ್ಲ. ಆದರೆ ರೆಕಾರ್ಡಿಂಗ್ ಕೇಳಿದರೆ ಪ್ರತಿ 'ತ'ಕ್ಕೂ ಸ್ನೇರ್ ಧಡ್ ಧಡ್ ಅಂತ ಬೀಳುತ್ತಿದೆ. ಹ್ಯಾರಿಸನ್ ಮಾಡುವುದು ಇದರ ಉಲ್ಟಾ. ಒತ್ತು ಎಲ್ಲಿ ಬೀಳುತ್ತದೆ ಅಂತ ನಾವು ಕಾಯುತ್ತೇವೋ ಅಲ್ಲಿ ಬೀಳಲ್ಲ. ನಡುವೆ ಕೇಳಿಯೂ ಕೇಳಿಸದಂಥ ಸಣ್ಣ ಏಟುಗಳು ಹರಿಯುತ್ತಿರುತ್ತವೆ. ಏಳು ಇದೆ ಅಂತ ಕೇಳುವವರಿಗೆ ಗೊತ್ತೇ ಆಗಲ್ಲ, ಸುಮ್ನೆ ತಲೆ ಆಡಿಸುತ್ತಾರೆ. ನಾನು ನುಡಿಸಿದ್ದು ಏಳರ ಮಗ್ಗಿ.

ಸರ್ ಹೇಳಿದ್ದು: ಒಂದು ವಾರ ಸ್ಟಿಕ್ ಮುಟ್ಟಬೇಡ, ಹಾಡು ಹಾಕಿಕೊಂಡು ನಡೆದಾಡು. ಹನುಮಂತನಗರದ ರಸ್ತೆಗಳಲ್ಲಿ ಬೆಳಿಗ್ಗೆ ಐದಾರು ಸುತ್ತು ನಡೆದೆ. ಏಳರ ಹಾಡಿಗೆ ನಡೆದರೆ ಒಂದು ಸುತ್ತು ಬಲಗಾಲಿಂದ ಶುರುವಾಗುತ್ತದೆ, ಮುಂದಿನದು ಎಡಗಾಲಿಂದ. ಮೂರನೇ ದಿನ ಅದನ್ನು ಗಮನಿಸುವುದೇ ಮರೆತುಹೋಯಿತು. ಕೊನ್ನಕೋಲ್ ದೊಡ್ಡ ವಿದ್ಯೆ, ಅದರ ಮೇಲೆ ನನ್ನ ತಕರಾರಿಲ್ಲ. ಬೆಂಗಳೂರಿನ ಡ್ರಮ್ಮರ್‌ಗಳು ಎಲ್ಲಕ್ಕೂ ಅದನ್ನೇ ಮದ್ದು ಅನ್ನುತ್ತಾರಲ್ಲ, ಅದನ್ನು ಮಾತ್ರ ಈಗ ಅಷ್ಟು ನಂಬಲ್ಲ.

ಮೂರನೆಯದು ಕಿಂಗ್ ಕ್ರಿಮ್ಸನ್‌ನ 'ರೆಡ್', 1974, ಆರು ನಿಮಿಷ ಚಿಲ್ಲರೆ. ಬ್ರೂಫರ್ಡ್ ಅವರನ್ನು ಬಿಡಲು ಮನಸ್ಸಿರಲಿಲ್ಲ ನೋಡಿ. 'ರೌಂಡಬೌಟ್' ನುಡಿಸಿದವರೇ 1972ರಲ್ಲಿ ಯೆಸ್ ಬಿಟ್ಟು ಇಲ್ಲಿಗೆ ಬಂದದ್ದು. ಹಾಡು ಭಾರ, ಒರಟು. ಮಾತಿಲ್ಲ, ಮೂರೇ ಜನರ ಬ್ಯಾಂಡ್, ಹಾಗಾಗಿ ದನಿಯ ತಾಪತ್ರಯ ಇಲ್ಲ. ಸಮಸ್ಯೆ ನನ್ನ ಕ್ರ್ಯಾಶ್ ಸಿಂಬಲ್. ಅಂಚಿನಲ್ಲಿ ಎರಡು ಬೆರಳಿನಷ್ಟು ಬಿರುಕು. ಹೊಡೆದರೆ 'ಝ್ಯಾಂ' ಅನ್ನುವ ಬದಲು ತಗಡಿನ ಡಬ್ಬಿ ಬಿದ್ದ ಹಾಗೆ 'ಛ್ಯಾಕ್'. ಹೊಸದಕ್ಕೆ ದುಡ್ಡಿರಲಿಲ್ಲ, ಯಾರದ್ದಾದರೂ ಎರವಲು ಕೇಳೋಣ ಅಂತಿದ್ದೆ.

ಆಗ ಓದಿದ್ದು. ಅದೇ 'ರೆಡ್' ಆಲ್ಬಂನ ಇನ್ನೊಂದು ಹಾಡಿನಲ್ಲಿ, 'ಒನ್ ಮೋರ್ ರೆಡ್ ನೈಟ್‌ಮೇರ್'ನಲ್ಲಿ, ಬ್ರೂಫರ್ಡ್ ಬಾರಿಸಿದ್ದು ಕಸದ ಬುಟ್ಟಿಯಲ್ಲಿ ಸಿಕ್ಕ ಸಿಂಬಲ್. ಅಂಚು ಸೊಟ್ಟಗಾಗಿತ್ತಂತೆ. ಹಾಡು ಹಾಕಿ ಕೇಳಿದೆ. ಛ್ಯಾಕ್! ನಮ್ಮನೆ ಶಬ್ದ. ನಾನು ನುಡಿಸುತ್ತಿದ್ದುದು ಆ ಹಾಡಲ್ಲ, ಪಕ್ಕದ ಹಾಡು, ಸರಿ. ಆದರೂ ಧೈರ್ಯ ಬಂತು. ಒಡೆದ ಸಿಂಬಲ್ಲನ್ನು 'ರೆಡ್'ಗೆ ಮಾತ್ರ ಇಟ್ಟುಕೊಂಡೆ, ಉಳಿದವಕ್ಕೆ ಸ್ಕೂಲಿನದು. ಅದನ್ನು ಯಾಕೆ ಇವೇ ಹಾಡು ಅನ್ನೋ ಆ ಒಂದು ಪುಟದಲ್ಲಿ ಬರೆಯಲಿಲ್ಲ. ಬರೆದರೆ ಬಡತನಕ್ಕೆ ಕಾರಣ ಹುಡುಕಿದ ಹಾಗಿರುತ್ತದೆ.

ನಾಲ್ಕನೆಯದು ಪಿಂಕ್ ಫ್ಲಾಯ್ಡ್‌ನ 'ಮನಿ', 1973. ಇದು ಎಲ್ಲರಿಗೂ ಗೊತ್ತಿರುವ ಹಾಡು. ಅದೇ ಕಾರಣಕ್ಕೆ ನಾನು ಬೇಡ ಅಂದಿದ್ದೆ. ಉಳಿದ ಮೂವರೂ ಬೇಕು ಅಂದರು. ಇದೂ ಏಳರದ್ದೇ. ಅಮ್ಮ ಭಾಮಿನಿ ಷಟ್ಪದಿ ಅಂದರು, ಮೂರು ನಾಲ್ಕು, ಮೂರು ನಾಲ್ಕು. ಚಪ್ಪಾಳೆ ಹಾಕಿ ನೋಡಿದೆವು, ಕೂರಲಿಲ್ಲ. ನಾನು ಸ್ನೇರ್ ಹಾಕುವುದು ಎರಡು, ನಾಲ್ಕು, ಆರಕ್ಕೆ. ಅಂದರೆ ಮೂರು ಜೋಡಿ, ಕೊನೆಗೊಂದು ಒಂಟಿ. ಅಮ್ಮನಿಗೆ ಸ್ವಲ್ಪ ಬೇಜಾರಾಯಿತು.

ಅದರ ಸ್ಯಾಕ್ಸೋಫೋನ್ ಭಾಗಕ್ಕೆ ಅಣ್ಣ ಕೀಬೋರ್ಡಿನ ಸ್ಯಾಕ್ಸ್ ಟೋನ್ ಹಾಕಿದರು. ಥೇಟ್ ರಿಸೆಪ್ಷನ್ನಿನಲ್ಲಿ ಹುಡುಗ ಹುಡುಗಿ ಸ್ಟೇಜ್ ಹತ್ತುವಾಗ ಬರುವ ಮ್ಯೂಸಿಕ್. "ನಮ್ಮೂರಲ್ಲಾದ್ರೆ ಮದುವೆಗೆ ನಿಜವಾದ ಸ್ಯಾಕ್ಸೋಫೋನ್‌ನವರೇ ಸಿಗ್ತಾರೆ" ಅಂದ ಪುತ್ತೂರಿನವನು. ಕೊನೆಗೆ ಗಿಟಾರ್‌ನಲ್ಲೇ ಮುಗಿಸಿದೆವು.

ಐದನೆಯದು, ಕೊನೆಯದು, ಜೆನೆಸಿಸ್‌ನ 'ಲಾಸ್ ಎಂಡೋಸ್'. 1976ರದ್ದು, ಆರು ನಿಮಿಷಕ್ಕೆ ಸ್ವಲ್ಪ ಕಮ್ಮಿ. ಆಗಷ್ಟೇ ಹಾಡುಗಾರ ಪೀಟರ್ ಗೇಬ್ರಿಯಲ್ ಬಿಟ್ಟು ಹೋಗಿ, ಡ್ರಮ್ಮರ್ ಫಿಲ್ ಕಾಲಿನ್ಸ್ ಅವರೇ ಹಾಡಲು ನಿಂತಿದ್ದರು. ಈ ತುಣುಕು ಮಾತ್ರ ಹೆಚ್ಚೂ ಕಮ್ಮಿ ಪೂರ್ತಿ ವಾದ್ಯವೇ. ಕೀಬೋರ್ಡ್ ಅಣ್ಣನಿಗೆ ಇಡೀ ಪಟ್ಟಿಯಲ್ಲಿ ಹಿಡಿಸಿದ್ದು ಇದೊಂದೇ. "ಇದು ನೋಡಿ ಮೇಡಂ, ಜನ ಕುಣಿಯೋ ಐಟಂ" ಅಂದರು.

ತೊಡಕು ಏನಪ್ಪಾ ಅಂದರೆ ರೆಕಾರ್ಡಿನಲ್ಲಿ ಇದು ಮುಗಿಯುವುದೇ ಇಲ್ಲ, ಶಬ್ದ ಸಣ್ಣಗಾಗುತ್ತಾ ಫೇಡ್ ಆಗಿ ಹೋಗುತ್ತದೆ. ಸ್ಟೇಜಿನ ಮೇಲೆ ಫೇಡ್ ಮಾಡುವುದು ಹೇಗೆ? ಅಣ್ಣ ಎರಡು ಕೈ ಎತ್ತಿ, "ಲಾಸ್ಟಿಗೆ ಒಂದು ದೊಡ್ಡ ತೀರ್ಮಾನ ಕೊಟ್ಬಿಡೋಣ" ಅಂದರು. ಆರ್ಕೆಸ್ಟ್ರಾ ಶೈಲಿ, ಡರ್ರ್ ಅಂತ ಉರುಳಿಸಿ ಢಮಾರ್. ನನಗೆ ಅದು ಬೇಡ. ನಾವೇ ನಿಧಾನಕ್ಕೆ ದನಿ ಇಳಿಸುತ್ತಾ, ಒಬ್ಬೊಬ್ಬರೇ ನಿಲ್ಲಿಸುತ್ತಾ, ಕೊನೆಗೆ ನನ್ನ ಹೈ-ಹ್ಯಾಟ್, ಆ ಜೋಡಿ ಸಿಂಬಲ್, ಒಂದೇ ಉಳಿಯಲಿ ಅಂತ ಹಟ ಹಿಡಿದೆ. ಅವರು "ನಿಮ್ಮಿಷ್ಟ" ಅಂದರು. ಆ 'ನಿಮ್ಮಿಷ್ಟ'ದಲ್ಲಿ ಎಲ್ಲವೂ ಇತ್ತು.

ಈಗ ನಿಮಿಷದ ಲೆಕ್ಕ. ಐದೂ ಸೇರಿ 28ರ ಹತ್ತಿರ. ನಡುವೆ ನಾಲ್ಕು ಸಲ ಗಿಟಾರ್ ಟ್ಯೂನ್ ಮಾಡಬೇಕು, ನಾನು ಸಿಂಬಲ್ ಬದಲಿಸಬೇಕು, ನೀರು ಕುಡಿಯಬೇಕು. ಗಡಿಯಾರ ಇಟ್ಟು ಪೂರ್ತಿ ನುಡಿಸಿದೆವು. 30 ನಿಮಿಷ 35 ಸೆಕೆಂಡ್. ಎಲ್ಲಿ ಕತ್ತರಿ ಹಾಕೋದು? 'ಮನಿ'ಯ ಗಿಟಾರ್ ಸೋಲೋ ಮೂರು ಸುತ್ತು. ಅಲ್ಲಿ ಏಳರ ಲಯ ಬಿಟ್ಟು ನೆಟ್ಟಗಿನ ನಾಲ್ಕಕ್ಕೆ ಬರುತ್ತದೆ. ನಡುವಿನ ಸುತ್ತಿನಲ್ಲಿ ಎಲ್ಲರೂ ತಣ್ಣಗಾಗುತ್ತಾರೆ, ಡ್ರಮ್ಸ್ ಪಿಸುಗುಟ್ಟುತ್ತದೆ. ನನಗೆ ಅದು ಬೇಕೇ ಬೇಕು. ಕೊನೆಯ ಸುತ್ತು ತೆಗೆದರೆ ಮತ್ತೆ ಏಳಕ್ಕೆ ಹತ್ತಲು ಏಣಿಯೇ ಇರಲ್ಲ. ಹಾಗಾಗಿ ಮೊದಲನೆಯದು ಹೋಯಿತು. ಗಿಟಾರ್‌ನವನು ಎರಡು ದಿನ ಫೋನ್ ಎತ್ತಲಿಲ್ಲ.

ಪ್ರೋಗ್ರಾಂ ದಿನ ಮೊದಲ ಹಾಡು ಚೆನ್ನಾಗೇ ಹೋಯಿತು. ಭಜನೆ ತಾಳದ ಶಬ್ದಕ್ಕೆ ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ಇಡೀ ಬ್ಯಾಂಡ್ ಸೇರಿಕೊಂಡ ಮೇಲೆ ನಗಲಿಲ್ಲ. 'ರೆಡ್' ಆದ ಮೇಲೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಮುಂದೆ ಬಗ್ಗಿ, ಆ ಕ್ರ್ಯಾಶ್ ಯಾವ ಕಂಪನಿಯದು ಅಂತ ಕೇಳಿದರು.

"ಒಡೆದಿದ್ದು ಸರ್" ಅಂದೆ.

ಅವರು ಏನೋ ಬರೆದುಕೊಂಡರು. ಒಳ್ಳೆಯದೋ ಕೆಟ್ಟದ್ದೋ ಇವತ್ತಿಗೂ ಗೊತ್ತಿಲ್ಲ.

'ಲಾಸ್ ಎಂಡೋಸ್' ಕೊನೆಯಲ್ಲಿ ನಾವು ಅಂದುಕೊಂಡ ಹಾಗೇ ಒಬ್ಬೊಬ್ಬರೇ ನಿಂತರು. ಹೈ-ಹ್ಯಾಟ್ ಒಂದೇ ಉಳಿಯಿತು, ಅದೂ ಸಣ್ಣಗಾಯಿತು, ನಿಂತಿತು. ಹಾಲ್ ಪೂರ್ತಿ ನಿಶ್ಶಬ್ದ. ಆಹಾ ಅಂದುಕೊಂಡೆ. ಐದು ಸೆಕೆಂಡ್ ಆಯಿತು, ಹತ್ತು ಆಯಿತು, ಚಪ್ಪಾಳೆ ಇಲ್ಲ. ಮುಗಿದಿದೆ ಅಂತ ಯಾರಿಗೂ ಗೊತ್ತಾಗಿಲ್ಲ! ನನ್ನ ಬಲಕ್ಕೆ ಕೀಬೋರ್ಡ್ ಅಣ್ಣ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅವರೇ ಎದ್ದು ನಿಂತು ಕೈಮುಗಿದರು. ಆಗ ಚಪ್ಪಾಳೆ ಬಂತು.

ರಾತ್ರಿ ಮನೆಯಲ್ಲಿ ವಿಡಿಯೋ ಹಾಕಿಕೊಂಡು ಕೂತೆವು. ಅಮ್ಮ ಕನ್ನಡಕ ಏರಿಸಿಕೊಂಡು ಉತ್ತರ ಪತ್ರಿಕೆ ನೋಡುವ ಹಾಗೇ ನೋಡಿದರು. ಮೋರ್ಸ್ ಬಂತು, ತುಟಿ ಮುಚ್ಚಿದೆ. ಹ್ಯಾರಿಸನ್ನರ ಏಳು ಬಂತು, ಮುಚ್ಚಿದೆ. 'ರೆಡ್' ಬಂತು, ಹಲ್ಲು ಕಚ್ಚಿಕೊಂಡಿದ್ದೇನೆ, ಆದರೂ ಮುಚ್ಚಿದೆ. 'ಮನಿ' ಏಳರಲ್ಲೂ ಮುಚ್ಚೇ ಇದೆ. ಗಿಟಾರ್ ಸೋಲೋ ಶುರುವಾಯಿತು. ನಾವು ಸುತ್ತು ಕತ್ತರಿಸಿದ ಜಾಗ. ಕೈಗೆ ಹಳೆಯ ಮೂರು ಸುತ್ತಿನ ಅಭ್ಯಾಸ, ಈಗ ಇರೋದು ಎರಡು.

ಅಮ್ಮ ವಿಡಿಯೋ ನಿಲ್ಲಿಸಿ ನನ್ನ ಮುಖದ ಮೇಲೆ ಬೆರಳಿಟ್ಟರು. ಬಾಯಿ ಅರ್ಧ ತೆರೆದಿತ್ತು.

"ಒಂದು ಎರಡು ಮೂರು ನಾಲ್ಕು" ಅಂದರು. "ಇದನ್ನೂ ಬಾಯಲ್ಲಿ ಎಣಿಸ್ಬೇಕಾ?"